ಶಾಲಾ ಬಸ್ಸಿನ ಸುರಕ್ಷತಾ ಸಾಧನಗಳಿಗೆ ದಾನ: ದಾನಿಗಳೂ ಶಾಲೆಗಳೂ ತಿಳಿದಿರಬೇಕಾದದ್ದು

ಶಾಲೆಯ ಕೊಠಡಿ, ಗ್ರಂಥಾಲಯ, ಕುಡಿಯುವ ನೀರಿನ ಘಟಕ, ಸಭಾಭವನ ಇವುಗಳ ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತಿದ ಕಲ್ಲು ಕಾಣುವುದು ಸಾಮಾನ್ಯ. ಸಮಾಜದ ಹಿರಿಯರು ನಡೆಸುವ ಅನೇಕ ವಿದ್ಯಾಸಂಸ್ಥೆಗಳು ನಿಂತಿರುವುದೇ ಇಂಥ ದಾನಗಳ ಮೇಲೆ. ಆದರೆ ಅದೇ ಶಾಲೆಯ ಬಸ್ಸಿನಲ್ಲಿರುವ ಬೆಂಕಿ ನಂದಿಸುವ ಸಿಲಿಂಡರಿಗೋ, ಸೀಟ್ ಬೆಲ್ಟಿಗೋ, ಪ್ರಥಮ ಚಿಕಿತ್ಸಾ ಪೆಟ್ಟಿಗೆಗೋ ದಾನ ಕೊಟ್ಟವರು ಅಪರೂಪ. ಕೊಡುವ ಮನಸ್ಸಿದ್ದವರಿಗೂ ಕೆಲವು ಪ್ರಶ್ನೆಗಳಿರುತ್ತವೆ. ಇಂಥ ದಾನವನ್ನು ಶಾಲೆ ಸ್ವೀಕರಿಸಬಹುದೇ? ಬಸ್ಸಿನ ಮೇಲೆ ದಾನಿಯ ಹೆಸರು ಬರೆಯಬಹುದೇ? ನಾಳೆ ಆ ಸಾಧನ ಕೆಟ್ಟರೆ ಯಾರು ಹೊಣೆ? ಕಾನೂನು ಕಡ್ಡಾಯ ಮಾಡಿದ ವಸ್ತುವನ್ನು ಶಾಲೆ ತಾನೇ ಕೊಳ್ಳಬೇಕಲ್ಲವೇ?

ಈ ಪೈಕಿ ಕೆಲವು ಪ್ರಶ್ನೆಗಳಿಗೆ ಕಾನೂನಿನಲ್ಲೇ ಉತ್ತರ ಬರೆದಿಟ್ಟಿರುವ ಸ್ಥಳ ಅಮೆರಿಕದ ಟೆಕ್ಸಾಸ್ ರಾಜ್ಯ. ಅಲ್ಲಿನ ಅನುಭವದಿಂದ ದಾನ ಏನನ್ನು ಮಾಡಬಲ್ಲದು ಎಂಬುದೂ ತಿಳಿಯುತ್ತದೆ, ಏನನ್ನು ಮಾಡಲಾರದು ಎಂಬುದೂ ತಿಳಿಯುತ್ತದೆ. ಆ ಅನುಭವದ ವಿವರ ಮತ್ತು ಭಾರತದ ಕಾನೂನಿನಲ್ಲಿ ಇಂಥ ದಾನಕ್ಕಿರುವ ಜಾಗದ ಪರಿಚಯ ಇಲ್ಲಿದೆ.

ಟೆಕ್ಸಾಸ್ ಕಾನೂನು ಹೇಳುವುದೇನು?

ಟೆಕ್ಸಾಸ್ ರಾಜ್ಯದ ಶಿಕ್ಷಣ ಸಂಹಿತೆಯಲ್ಲಿ ಶಾಲಾ ಬಸ್ಸುಗಳ ಸೀಟ್ ಬೆಲ್ಟ್ ದಾನಕ್ಕೆಂದೇ ಒಂದು ಚಿಕ್ಕ ಸೆಕ್ಷನ್ ಇದೆ. ಅದರಲ್ಲಿ ಮೂರು ಮುಖ್ಯ ಮಾತುಗಳಿವೆ.

ಮೊದಲನೆಯದು, ಯಾವುದೇ ವ್ಯಕ್ತಿ ಶಾಲಾ ಜಿಲ್ಲೆಗೆ ಮೂರು ಬಿಂದುಗಳ ಸೀಟ್ ಬೆಲ್ಟುಗಳನ್ನು, ಅಂದರೆ ಕಾರಿನಲ್ಲಿರುವಂತೆ ಸೊಂಟಕ್ಕೂ ಭುಜಕ್ಕೂ ಬರುವ ಬೆಲ್ಟುಗಳನ್ನು, ದಾನವಾಗಿ ಕೊಡಲು ಮುಂದಾಗಬಹುದು. ಬೆಲ್ಟಿನ ಬದಲು ಅದನ್ನು ಕೊಳ್ಳಲು ಹಣವನ್ನೂ ಕೊಡಬಹುದು. ಎರಡನೆಯದು, ಇಂಥ ಪ್ರಸ್ತಾವ ಬಂದರೆ ಶಾಲಾ ಜಿಲ್ಲೆಯ ಆಡಳಿತ ಮಂಡಳಿ ಅದನ್ನು ಪರಿಶೀಲಿಸಲೇಬೇಕು. ಸರಿಯಾಗಿ ವಿಚಾರ ಮಾಡಿದ ನಂತರ ಒಪ್ಪಬಹುದು ಅಥವಾ ಬೇಡವೆನ್ನಬಹುದು. ಮೂರನೆಯದು, ದಾನಿಗೆ ಕೃತಜ್ಞತೆ ಸೂಚಿಸಲು ಬಸ್ಸಿನ ಪಕ್ಕದಲ್ಲಿ ಅಥವಾ ಹಿಂಭಾಗದಲ್ಲಿ ಕಣ್ಣಿಗೆ ರಾಚದಂಥ ಒಂದು ಚಿಕ್ಕ ಫಲಕ ಹಾಕಬಹುದು. ಆದರೆ ಆ ಫಲಕ ದಾನಿಯ ಜಾಹೀರಾತಾಗಿ ಕೆಲಸ ಮಾಡಬಾರದು.

ದಾನಿ ಮತ್ತು ಸಂಸ್ಥೆಯ ನಡುವೆ ಸಾಮಾನ್ಯವಾಗಿ ಮನಸ್ತಾಪಕ್ಕೆ ಕಾರಣವಾಗುವ ವಿಷಯಗಳೇ ಈ ಮೂರರಲ್ಲಿ ಇತ್ಯರ್ಥವಾಗಿವೆ. ದಾನಿಯನ್ನು ಬಾಗಿಲಲ್ಲೇ ನಿಲ್ಲಿಸುವಂತಿಲ್ಲ, ಅವರ ಮಾತು ಮಂಡಳಿಯ ಮುಂದೆ ಬರಲೇಬೇಕು. ಹಾಗೆಂದು ಕೊಟ್ಟಿದ್ದನ್ನೆಲ್ಲ ತೆಗೆದುಕೊಳ್ಳಬೇಕೆಂದೂ ಇಲ್ಲ. ತಮ್ಮ ಬಸ್ಸಿಗೆ ಹೊಂದದ ಅಥವಾ ಗುಣಮಟ್ಟವಿಲ್ಲದ ಸಾಧನವನ್ನು ಮಂಡಳಿ ನಿರಾಕರಿಸಬಹುದು. ಹೆಸರು ಬರೆಯಲು ಅವಕಾಶವಿದೆ, ವ್ಯಾಪಾರಕ್ಕೆ ಅವಕಾಶವಿಲ್ಲ.

ಈ ವಿಷಯ ಅಲ್ಲಿ ಚರ್ಚೆಗೆ ಬಂದ ಹಿನ್ನೆಲೆ

2006ರ ಮಾರ್ಚ್ 29ರಂದು ಟೆಕ್ಸಾಸಿನ ಬ್ಯೂಮಾಂಟ್ ನಗರದ ಪ್ರೌಢಶಾಲೆಯೊಂದರ ಬಾಲಕಿಯರ ಫುಟ್‌ಬಾಲ್ ತಂಡವನ್ನು ಪಂದ್ಯಕ್ಕೆ ಕರೆದೊಯ್ಯುತ್ತಿದ್ದ ಬಾಡಿಗೆ ಬಸ್ಸು ಡೆವರ್ಸ್ ಎಂಬ ಊರಿನ ಬಳಿ ಮಗುಚಿತು. ಇಬ್ಬರು ಆಟಗಾರ್ತಿಯರು ತೀರಿಕೊಂಡರು. ಬಸ್ಸಿನಲ್ಲಿ ಪ್ರಯಾಣಿಕರಿಗೆ ಸೀಟ್ ಬೆಲ್ಟ್ ಇರಲಿಲ್ಲ. ತಂಡದ ಮಕ್ಕಳ ಪೋಷಕರು ಕಾನೂನಿಗಾಗಿ ಶಾಸನಸಭೆಯ ಬಾಗಿಲು ತಟ್ಟಿದರು. 2007ರಲ್ಲಿ ಆ ಇಬ್ಬರು ಬಾಲಕಿಯರ ಹೆಸರಿನಲ್ಲೇ ಕರೆಯಲ್ಪಡುವ ಕಾನೂನು ಬಂತು. 2010ರ ಸೆಪ್ಟೆಂಬರಿನಿಂದ ಕೊಳ್ಳುವ ಶಾಲಾ ಬಸ್ಸುಗಳಲ್ಲಿ ಮೂರು ಬಿಂದುಗಳ ಬೆಲ್ಟ್ ಇರಬೇಕೆಂದು ಅದು ಹೇಳಿತು. ಆದರೆ ಒಂದು ಷರತ್ತಿತ್ತು: ರಾಜ್ಯ ಸರ್ಕಾರ ಹಣ ಒದಗಿಸಿದರೆ ಮಾತ್ರ. ಬೇಕಾದಷ್ಟು ಹಣ ಒದಗಲಿಲ್ಲ, ಕಾನೂನು ಹೆಚ್ಚಿನ ಕಡೆ ಕಾಗದದ ಮೇಲೇ ಉಳಿಯಿತು.

2017ರಲ್ಲಿ ಹೊಸ ಕಾನೂನು ಬಂತು. 2018ರ ಮಾದರಿ ಮತ್ತು ಅದರ ನಂತರದ ಶಾಲಾ ಬಸ್ಸುಗಳಿಗೆ ಬೆಲ್ಟ್ ಕಡ್ಡಾಯವಾಯಿತು. ಇಲ್ಲೂ ಒಂದು ಸಡಿಲಿಕೆ ಇತ್ತು. ತಮ್ಮ ಆಯವ್ಯಯದಲ್ಲಿ ಇದಕ್ಕೆ ಹಣವಿಲ್ಲವೆಂದು ಆಡಳಿತ ಮಂಡಳಿ ಸಾರ್ವಜನಿಕ ಸಭೆಯಲ್ಲಿ ನಿರ್ಣಯ ಮಾಡಿದರೆ ಆ ಜಿಲ್ಲೆಗೆ ವಿನಾಯಿತಿ ಸಿಗುತ್ತಿತ್ತು. ಹಳೆಯ ಬಸ್ಸುಗಳಿಗೆ ಕಾನೂನು ಅನ್ವಯವೇ ಆಗುತ್ತಿರಲಿಲ್ಲ.

2024ರ ಮಾರ್ಚ್ 22ರಂದು ಬ್ಯಾಸ್ಟ್ರಾಪ್ ಕೌಂಟಿಯಲ್ಲಿ, ಮೃಗಾಲಯ ನೋಡಿ ಹಿಂದಿರುಗುತ್ತಿದ್ದ ಪುಟ್ಟ ಮಕ್ಕಳ ಶಾಲಾ ಬಸ್ಸಿಗೆ ಕಾಂಕ್ರೀಟ್ ಪಂಪ್ ಲಾರಿಯೊಂದು ಡಿಕ್ಕಿ ಹೊಡೆಯಿತು. ಬಸ್ಸು ಉರುಳಿತು. ಐದು ವರ್ಷದ ಬಾಲಕನೊಬ್ಬ ಹಾಗೂ ಹಿಂದೆ ಬರುತ್ತಿದ್ದ ಕಾರಿನಲ್ಲಿದ್ದ ಒಬ್ಬರು ಸಾವಿಗೀಡಾದರು. ಆ ಬಸ್ಸು 2011ರ ಮಾದರಿಯದು, ಅದರಲ್ಲಿ ಮಕ್ಕಳಿಗೆ ಸೀಟ್ ಬೆಲ್ಟ್ ಇರಲಿಲ್ಲ. ಮರುವರ್ಷ, 2025ರಲ್ಲಿ, ಟೆಕ್ಸಾಸ್ ಶಾಸನಸಭೆ ಹಳೆಯ ಬಸ್ಸುಗಳನ್ನೂ ಸೇರಿಸಿ ಎಲ್ಲ ಶಾಲಾ ಬಸ್ಸುಗಳಿಗೂ 2029ರ ಸೆಪ್ಟೆಂಬರ್ 1ರೊಳಗೆ ಮೂರು ಬಿಂದುಗಳ ಬೆಲ್ಟ್ ಇರಬೇಕೆಂದು ನಿಗದಿ ಮಾಡಿತು.

ದೊಡ್ಡ ಬಸ್ಸಿಗೂ ಬೆಲ್ಟ್ ಏಕೆ?

ಅಮೆರಿಕದ ದೊಡ್ಡ ಹಳದಿ ಬಸ್ಸುಗಳನ್ನು 1977ರಿಂದ ಬೇರೊಂದು ತತ್ತ್ವದ ಮೇಲೆ ತಯಾರಿಸಲಾಗುತ್ತಿದೆ. ಸೀಟುಗಳನ್ನು ಒತ್ತೊತ್ತಾಗಿ ಇಟ್ಟು, ಬೆನ್ನಿನ ಭಾಗವನ್ನು ಎತ್ತರವಾಗಿ, ದಪ್ಪ ಮೆತ್ತೆಯಿಂದ ಮಾಡಿದರೆ, ಮುಂದಿನಿಂದ ಅಥವಾ ಹಿಂದಿನಿಂದ ಡಿಕ್ಕಿಯಾದಾಗ ಮಗು ಮುಂದಿನ ಸೀಟಿನ ಮೆತ್ತೆಗೆ ತಾಗಿ ಉಳಿಯುತ್ತದೆ. ಮೊಟ್ಟೆಯ ಟ್ರೇಯಲ್ಲಿ ಮೊಟ್ಟೆಗಳು ಒಂದಕ್ಕೊಂದು ತಾಗದೆ ಉಳಿಯುವಂತೆ ಎಂದು ಇದನ್ನು ವಿವರಿಸುವುದುಂಟು. ಇದು ಸಾಕಷ್ಟು ಕೆಲಸ ಮಾಡಿದೆ. ಆದರೆ ಪಕ್ಕದಿಂದ ಡಿಕ್ಕಿಯಾದಾಗ ಅಥವಾ ಬಸ್ಸು ಉರುಳಿದಾಗ ಮೆತ್ತೆಯ ಸೀಟು ಮಗುವನ್ನು ಹಿಡಿದಿಡಲಾರದು. ಮಗು ಸೀಟಿನಿಂದ ಎಸೆಯಲ್ಪಡುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಬೆಲ್ಟ್ ಮಾತ್ರ.

ಅಮೆರಿಕದ ರಸ್ತೆ ಸುರಕ್ಷತಾ ಆಡಳಿತದ ಮುಖ್ಯಸ್ಥರು 2015ರಲ್ಲಿ, ಪ್ರತಿ ಶಾಲಾ ಬಸ್ಸಿನ ಪ್ರತಿ ಮಗುವಿಗೂ ಮೂರು ಬಿಂದುಗಳ ಬೆಲ್ಟ್ ಇರಬೇಕೆಂಬ ನಿಲುವನ್ನು ಬಹಿರಂಗವಾಗಿ ಹೇಳಿದರು. 2016ರಲ್ಲಿ ಟೆನೆಸ್ಸೀ ರಾಜ್ಯದ ಚಟನೂಗಾದಲ್ಲಿ ಆರು ಮಕ್ಕಳು ಸತ್ತ ಅಪಘಾತದ ತನಿಖೆಯ ನಂತರ, ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2018ರಲ್ಲಿ ಇದೇ ಶಿಫಾರಸನ್ನು ರಾಜ್ಯಗಳಿಗೆ ಮಾಡಿತು. ಹೀಗಿದ್ದರೂ ದೊಡ್ಡ ಬಸ್ಸುಗಳಿಗೆ ಬೆಲ್ಟ್ ಕಡ್ಡಾಯವೆನ್ನುವ ಕೇಂದ್ರ ಕಾನೂನು ಅಲ್ಲಿಲ್ಲ, ಪ್ರತಿ ರಾಜ್ಯ ತಾನೇ ತೀರ್ಮಾನಿಸುತ್ತದೆ. ಹಾಗಾಗಿಯೇ ಹಣ ಎಲ್ಲಿಂದ ತರಬೇಕೆಂಬ ಪ್ರಶ್ನೆಯೂ ದಾನಿಗಳ ಪಾತ್ರವೂ ಚರ್ಚೆಗೆ ಬಂದವು.

ದಾನದಿಂದ ಆಗುವುದು, ಆಗದಿರುವುದು

ಟೆಕ್ಸಾಸಿನ ಕಥೆಯನ್ನು ಇಡಿಯಾಗಿ ನೋಡಿದರೆ ಎರಡು ವಿಷಯ ಸ್ಪಷ್ಟವಾಗುತ್ತವೆ.

ದಾನಕ್ಕೆ ಬಾಗಿಲು ತೆರೆದಿಟ್ಟ ಕಾನೂನು ಒಳ್ಳೆಯದೇ. ಒಂದು ಊರಿನ ಪೋಷಕರು, ವ್ಯಾಪಾರಿಗಳು ಸೇರಿ ತಮ್ಮ ಶಾಲೆಯ ಬಸ್ಸುಗಳಿಗೆ ಬೆಲ್ಟ್ ಕೊಡಿಸುತ್ತೇವೆಂದರೆ ಅದಕ್ಕೆ ಅಡ್ಡಿಯಿಲ್ಲ. ಆದರೆ ದಾನ ಬರುವುದು ದಾನಿಗಳಿರುವ ಊರಿಗೆ. ಮಕ್ಕಳು ಎಲ್ಲ ಊರಿನಲ್ಲೂ ಇದ್ದಾರೆ. 2006ರ ಅಪಘಾತದಿಂದ 2024ರ ಅಪಘಾತದವರೆಗೆ 18 ವರ್ಷ ಸರ್ಕಾರದ ಹಣ, ಮಂಡಳಿಯ ಅನುಕೂಲ, ದಾನಿಗಳ ಔದಾರ್ಯ ಇವುಗಳನ್ನು ನೆಚ್ಚಿಕೊಂಡ ವ್ಯವಸ್ಥೆಯಲ್ಲಿ ಆ 2011ರ ಬಸ್ಸು ಬೆಲ್ಟಿಲ್ಲದೆಯೇ ಓಡುತ್ತಿತ್ತು. ಕೊನೆಗೆ ಗಡುವು ನಿಗದಿಯಾದದ್ದು ಕಡ್ಡಾಯ ಮಾಡಿದಾಗಲೇ.

ಆದ್ದರಿಂದ ದಾನ ಕರ್ತವ್ಯದ ಜಾಗದಲ್ಲಿ ಬಂದು ಕೂರಬಾರದು, ಕರ್ತವ್ಯ ಮುಗಿದ ಮೇಲೆ ಅದರ ಮುಂದಿನ ಹೆಜ್ಜೆಯಾಗಿ ಬರಬೇಕು. ಭಾರತದಲ್ಲಿ ದಾನ ಕೊಡುವವರಿಗೂ ಪಡೆಯುವ ಶಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ. ಅದಕ್ಕಾಗಿ ಮೊದಲು ಶಾಲೆಯ ಕರ್ತವ್ಯ ಯಾವುದೆಂದು ತಿಳಿಯಬೇಕು.

ಭಾರತದಲ್ಲಿ ಶಾಲೆಯೇ ಮಾಡಬೇಕಾದದ್ದು

1997ರ ನವೆಂಬರ್ 18ರಂದು ದೆಹಲಿಯ ವಜೀರಾಬಾದ್ ಬಳಿ ಶಾಲಾ ಬಸ್ಸೊಂದು ಯಮುನಾ ನದಿಗೆ ಬಿದ್ದು 28 ಮಕ್ಕಳು ಪ್ರಾಣ ಕಳೆದುಕೊಂಡರು. ಆಗ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ದೆಹಲಿಯ ವಾಹನ ಸಂಚಾರದ ವಿಷಯವನ್ನು ವಿಚಾರಣೆ ಮಾಡುತ್ತಿದ್ದ ಸುಪ್ರೀಂ ಕೋರ್ಟ್, ಅದೇ ವರ್ಷದ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಶಾಲಾ ಬಸ್ಸುಗಳ ಬಗ್ಗೆ ನಿರ್ದೇಶನಗಳನ್ನು ನೀಡಿತು. ದೆಹಲಿಗಾಗಿ ಬಂದ ಈ ಪಟ್ಟಿಯೇ ಮುಂದೆ ದೇಶದ ಬೇರೆ ಬೇರೆ ಕಡೆ ನಿಯಮಗಳಿಗೂ ಶಿಕ್ಷಣ ಮಂಡಳಿಗಳ ಸುತ್ತೋಲೆಗಳಿಗೂ ಆಧಾರವಾಯಿತು. ಅದರ ಮುಖ್ಯ ಅಂಶಗಳು ಇವು:

• ಬಸ್ಸಿನ ಹಿಂದೆ ಮುಂದೆ ಶಾಲಾ ಬಸ್ ಎಂಬ ಬರಹ. ಬಾಡಿಗೆ ಬಸ್ಸಾದರೆ ಶಾಲಾ ಕರ್ತವ್ಯದಲ್ಲಿದೆ ಎಂಬ ಬರಹ.
• ಪ್ರಥಮ ಚಿಕಿತ್ಸಾ ಪೆಟ್ಟಿಗೆ ಮತ್ತು ಬೆಂಕಿ ನಂದಿಸುವ ಸಿಲಿಂಡರ್.
• ವೇಗ ನಿಯಂತ್ರಕ, ಅಂದರೆ ಸ್ಪೀಡ್ ಗವರ್ನರ್.
• ಕಿಟಕಿಗಳಿಗೆ ಅಡ್ಡ ಸರಳುಗಳು, ಬಾಗಿಲಿಗೆ ಭದ್ರವಾದ ಚಿಲಕ.
• ಬಸ್ಸಿನ ಮೇಲೆ ಶಾಲೆಯ ಹೆಸರು ಮತ್ತು ದೂರವಾಣಿ ಸಂಖ್ಯೆ.
• ಸೀಟಿನ ಕೆಳಗೆ ಮಕ್ಕಳ ಚೀಲ ಇಡಲು ಜಾಗ.
• ಮಕ್ಕಳನ್ನು ನೋಡಿಕೊಳ್ಳಲು ಅರ್ಹ ಸಹಾಯಕರು.
• ಭಾರಿ ವಾಹನ ಓಡಿಸಿದ ಕನಿಷ್ಠ 5 ವರ್ಷಗಳ ಅನುಭವವಿರುವ ಚಾಲಕ.

ವೇಗದ ಮಿತಿಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಶಾಲಾ ಬಸ್ಸಿಗೆ ಗಂಟೆಗೆ 60 ಕಿ.ಮೀ. ಎಂದು ಹೇಳಿದರೆ, ಸಿಬಿಎಸ್ಇ 2017ರಲ್ಲಿ ತನ್ನ ಶಾಲೆಗಳಿಗೆ 40 ಕಿ.ಮೀ. ಎಂದು ಸೂಚಿಸಿತು. ಜಿಪಿಎಸ್ ಮತ್ತು ಸಿಸಿಟಿವಿ ಕ್ಯಾಮೆರಾಗಳನ್ನೂ ಅದೇ ಸುತ್ತೋಲೆ ಕೇಳಿತು. 2022ರ ಜನವರಿಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಧಿಸೂಚನೆಯು ಶಾಲಾ ಬಸ್ಸುಗಳಲ್ಲಿ ಮಕ್ಕಳು ಕೂರುವ ಭಾಗಕ್ಕೂ ಬೆಂಕಿಯ ಎಚ್ಚರಿಕೆ ಮತ್ತು ರಕ್ಷಣೆಯ ವ್ಯವಸ್ಥೆಯನ್ನು ತಂದಿತು. ಇವುಗಳ ಜೊತೆಗೆ ರಾಜ್ಯದ ನಿಯಮಗಳೂ ಇವೆ. ಬಸ್ಸಿಗೆ ಕಾಲಕಾಲಕ್ಕೆ ಎಫ್‌ಸಿ ಆಗಬೇಕು. 8 ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ಪ್ರತಿ ವರ್ಷ.

ಈ ಪಟ್ಟಿಯಲ್ಲಿರುವುದು ಶಾಲೆಯ ಹೊಣೆ. ದಾನಿ ಸಿಗುವವರೆಗೆ ಕಾಯುತ್ತೇವೆ ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ಬಡ ಶಾಲೆಯೊಂದಕ್ಕೆ ದಾನಿಯೊಬ್ಬರು ಇವೇ ವಸ್ತುಗಳನ್ನು ಕೊಡಿಸಿದರೆ ತಪ್ಪೇನೂ ಇಲ್ಲ. ಆದರೆ ಕೊಡಿಸಿದ ಮೇಲೂ ಹೊಣೆ ಶಾಲೆಯಲ್ಲೇ ಉಳಿಯುತ್ತದೆ. ಸಿಲಿಂಡರ್ ಮೇಲೆ ದಾನಿಯ ಹೆಸರಿದ್ದ ಮಾತ್ರಕ್ಕೆ ಅದರ ಒತ್ತಡ ಇಳಿದಾಗ ಉತ್ತರ ಹೇಳಬೇಕಾದವರು ಬದಲಾಗುವುದಿಲ್ಲ.

2024ರ ಏಪ್ರಿಲ್ 11ರಂದು ಹರಿಯಾಣದ ಮಹೇಂದ್ರಗಢ ಜಿಲ್ಲೆಯಲ್ಲಿ ಶಾಲಾ ಬಸ್ಸು ಉರುಳಿ ಆರು ಮಕ್ಕಳು ಸತ್ತರು. ಚಾಲಕ ಮದ್ಯಪಾನ ಮಾಡಿದ್ದನೆಂಬ ಆರೋಪ ಬಂತು, ಬಸ್ಸಿನ ದಾಖಲೆಗಳೂ ಸರಿಯಿರಲಿಲ್ಲವೆಂದು ಅಧಿಕಾರಿಗಳು ಹೇಳಿದರು. ಎಷ್ಟೇ ಬೆಲೆಯ ಸಾಧನ ದಾನ ಕೊಟ್ಟರೂ ಇಂಥ ಕೊರತೆಯನ್ನು ಅದು ತುಂಬಿಕೊಡಲಾರದು. ಚಾಲಕ ಯಾರು, ಎಫ್‌ಸಿ ಯಾವಾಗ ಮುಗಿಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ದಾನಿ ಮೊದಲೇ ಕೇಳುವುದು ಒಳಿತು.

ಕಡ್ಡಾಯದ ಆಚೆ ದಾನಕ್ಕಿರುವ ಜಾಗ

ಕಾನೂನಿನ ಪಟ್ಟಿ ಮುಗಿದ ಮೇಲೂ ಮಾಡಬಹುದಾದ ಕೆಲಸ ಬಹಳಷ್ಟಿದೆ.

ಸೀಟ್ ಬೆಲ್ಟ್ ಇವುಗಳಲ್ಲಿ ಮೊದಲನೆಯದು. 1997ರ ಪಟ್ಟಿಯಲ್ಲಿ ಮಕ್ಕಳ ಸೀಟ್ ಬೆಲ್ಟಿನ ಮಾತಿಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೆಲ್ಟ್ ಎನ್ನುವುದು ಅಂಗಡಿಯಿಂದ ತಂದು ಯಾವ ಸೀಟಿಗಾದರೂ ಬೋಲ್ಟ್ ಹಾಕಿ ಬಿಗಿಯುವ ವಸ್ತುವಲ್ಲ. ಡಿಕ್ಕಿಯ ಹೊತ್ತಿನಲ್ಲಿ ಮಗುವಿನ ಭಾರವೆಲ್ಲ ಬೆಲ್ಟಿನ ಮೂಲಕ ಸೀಟಿನ ಚೌಕಟ್ಟಿಗೂ, ಅಲ್ಲಿಂದ ಬಸ್ಸಿನ ನೆಲಕ್ಕೂ ಹೋಗುತ್ತದೆ. ಆ ಭಾರ ತಡೆಯದ ಸೀಟಿಗೆ ಬೆಲ್ಟ್ ಹಾಕಿದರೆ ಸೀಟೇ ಕಿತ್ತು ಬರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನೀಡಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಾಡು ಮಾಡುವಂತಿಲ್ಲ. ಹಾಗಾಗಿ ಹಳೆಯ ಬಸ್ಸಿಗೆ ಬೆಲ್ಟ್ ಹಾಕಿಸುವುದಕ್ಕಿಂತ, ಹೊಸ ಬಸ್ಸು ಕೊಳ್ಳುವಾಗ ಬೆಲ್ಟ್ ಇರುವ ಸೀಟುಗಳನ್ನೇ ತಯಾರಕರಿಂದ ತರಿಸಲು ಬೇಕಾಗುವ ಹೆಚ್ಚುವರಿ ಹಣವನ್ನು ದಾನಿ ಕೊಡುವುದು ಸುರಕ್ಷಿತ ದಾರಿ. ಹಳೆಯ ಬಸ್ಸಿನ ವಿಷಯದಲ್ಲಿ ತಯಾರಕರ ಮತ್ತು ಆರ್‌ಟಿಒ ಕಚೇರಿಯ ಅಭಿಪ್ರಾಯ ಪಡೆಯದೆ ಮುಂದುವರಿಯಬಾರದು.

ಎರಡನೆಯದು, ಬಸ್ಸಿನಲ್ಲಿ ಮಗು ಉಳಿದುಹೋಗದಂತೆ ತಡೆಯುವ ವ್ಯವಸ್ಥೆ. ಜಪಾನಿನಲ್ಲಿ 2021 ಮತ್ತು 2022ರಲ್ಲಿ ಶಿಶುವಿಹಾರದ ಬಸ್ಸಿನಲ್ಲಿ ಮರೆತುಹೋದ ಮಕ್ಕಳು ಸೆಕೆಯಿಂದ ಸತ್ತ ಪ್ರಕರಣಗಳು ನಡೆದವು. 2023ರ ಏಪ್ರಿಲ್‌ನಿಂದ ಅಂಥ ಬಸ್ಸುಗಳಲ್ಲಿ ಎಚ್ಚರಿಕೆಯ ಸಾಧನ ಕಡ್ಡಾಯವಾಯಿತು. ಎಂಜಿನ್ ನಿಂತ ಕೂಡಲೇ ಗಂಟೆ ಬಾರಿಸತೊಡಗುತ್ತದೆ. ಚಾಲಕ ಬಸ್ಸಿನ ಕೊನೆಯ ಸೀಟಿನವರೆಗೆ ನಡೆದುಹೋಗಿ ಅಲ್ಲಿರುವ ಗುಂಡಿ ಒತ್ತಿದರೆ ಮಾತ್ರ ಸದ್ದು ನಿಲ್ಲುತ್ತದೆ. ಹೋಗುವ ದಾರಿಯಲ್ಲಿ ಪ್ರತಿ ಸೀಟನ್ನೂ ನೋಡಿದಂತಾಗುತ್ತದೆ. ಪುಟ್ಟ ಮಕ್ಕಳಿರುವ ಶಾಲೆಗಳಿಗೆ ಇಂಥ ಸಾಧನ ಒಳ್ಳೆಯ ಕೊಡುಗೆ.

ಮೂರನೆಯದು, ತರಬೇತಿ. ಚಾಲಕರಿಗೂ ಸಹಾಯಕಿಯರಿಗೂ ಪ್ರಥಮ ಚಿಕಿತ್ಸೆ ಮತ್ತು ಸಿಲಿಂಡರ್ ಬಳಕೆಯ ಅಭ್ಯಾಸ, ಚಾಲಕರಿಗೆ ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ, ಮಕ್ಕಳಿಗೆ ತುರ್ತು ಬಾಗಿಲಿನಿಂದ ಇಳಿಯುವ ಅಭ್ಯಾಸ. ಇವುಗಳಿಗೆ ಬೇಕಾಗುವ ಹಣ ಹೆಚ್ಚಲ್ಲ. ಫಲಕ ಹಾಕಲು ಜಾಗವಿಲ್ಲದ ಕಾರಣ ದಾನಿಗಳ ಗಮನ ಇತ್ತ ಹರಿಯುವುದು ಕಡಿಮೆ.

ನಾಲ್ಕನೆಯದು, ಶಾಲೆಯ ಬಸ್ಸನ್ನೇ ಹತ್ತದ ಮಕ್ಕಳ ವಿಷಯ. 2016ರ ಜೂನ್ 21ರಂದು ಕುಂದಾಪುರ ತಾಲ್ಲೂಕಿನ ತ್ರಾಸಿ ಬಳಿ ಖಾಸಗಿ ಬಸ್ಸು ಮತ್ತು ಮಕ್ಕಳನ್ನು ಕರೆದೊಯ್ಯುತ್ತಿದ್ದ ಓಮ್ನಿ ವ್ಯಾನಿನ ನಡುವೆ ಡಿಕ್ಕಿಯಾಗಿ ಎಂಟು ಮಕ್ಕಳು ಸತ್ತರು. ಕರ್ನಾಟಕದಲ್ಲಿ ಅನೇಕ ಮಕ್ಕಳು ಶಾಲೆಗೆ ಹೋಗುವುದು ಇಂಥ ವ್ಯಾನುಗಳಲ್ಲಿ ಮತ್ತು ಆಟೊಗಳಲ್ಲಿ. ಶಾಲೆಯ ಮೂರು ಬಸ್ಸುಗಳಿಗೆ ಕ್ಯಾಮೆರಾ ಹಾಕಿಸುವ ಬದಲು, ವ್ಯಾನಿನಲ್ಲಿ ಕಿಕ್ಕಿರಿದು ಬರುವ ಮಕ್ಕಳಿಗಾಗಿ ಇನ್ನೊಂದು ಬಸ್ಸು ಓಡಿಸಲು ನೆರವಾಗುವುದೇ ಕೆಲವೊಮ್ಮೆ ದೊಡ್ಡ ಸುರಕ್ಷತೆಯಾಗುತ್ತದೆ.

ಹೆಸರು, ಜಾಹೀರಾತು ಮತ್ತು ‘ಉಚಿತ’ ಸಾಧನ

ಪ್ರಾಯೋಜಕತ್ವ ಎಂಬ ಒಂದೇ ಪದದಡಿ ಮೂರು ಬೇರೆ ಬೇರೆ ವ್ಯವಹಾರಗಳು ನಡೆಯುತ್ತವೆ. ಒಂದು, ಏನನ್ನೂ ಬಯಸದೆ ಅಥವಾ ಚಿಕ್ಕ ನಾಮಫಲಕವನ್ನಷ್ಟೇ ಬಯಸಿ ಕೊಡುವ ದಾನ. ಎರಡು, ಬಸ್ಸಿನ ಮೈಮೇಲೆ ತನ್ನ ಅಂಗಡಿಯ ಅಥವಾ ಉತ್ಪನ್ನದ ಹೆಸರು ಓಡಾಡಲಿ ಎಂದು ಕೊಡುವ ಹಣ, ಇದು ಜಾಹೀರಾತು. ಮೂರು, ಸಾಧನವನ್ನು ಉಚಿತವಾಗಿ ಅಳವಡಿಸಿ ಅದರಿಂದ ಬರುವ ಆದಾಯದಲ್ಲಿ ಪಾಲು ಪಡೆಯುವುದು, ಇದು ಉದ್ಯಮ. ಅಮೆರಿಕದ ಹಲವು ರಾಜ್ಯಗಳಲ್ಲಿ, ನಿಂತ ಶಾಲಾ ಬಸ್ಸನ್ನು ದಾಟಿ ಹೋಗುವ ವಾಹನಗಳ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಖಾಸಗಿ ಕಂಪನಿಗಳು ಶಾಲೆಗೆ ಖರ್ಚಿಲ್ಲದಂತೆ ಹಾಕಿಕೊಡುತ್ತವೆ, ದಂಡದ ಹಣದಲ್ಲಿ ಪಾಲು ಪಡೆಯುತ್ತವೆ. ಅದರಿಂದ ಉಪಯೋಗವಿರಬಹುದು, ಆದರೆ ಅದನ್ನು ದಾನವೆಂದು ಕರೆಯುವುದು ಸರಿಯಲ್ಲ.

ಭಾರತದ ಕಂಪನಿ ಕಾನೂನೂ ಈ ವ್ಯತ್ಯಾಸವನ್ನು ಗುರುತಿಸುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, 500 ಕೋಟಿ ರೂ. ನಿವ್ವಳ ಮೌಲ್ಯ, 1000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭ ಈ ಮೂರರಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್ಆರ್ ಕೆಲಸಕ್ಕೆ ವಿನಿಯೋಗಿಸಬೇಕು. ಆದರೆ ತನ್ನ ಉತ್ಪನ್ನಕ್ಕೆ ಅಥವಾ ಸೇವೆಗೆ ಮಾರುಕಟ್ಟೆಯ ಲಾಭ ಬರಲೆಂದು ಕೊಟ್ಟ ಪ್ರಾಯೋಜಕತ್ವದ ಹಣ ಸಿಎಸ್ಆರ್ ಲೆಕ್ಕಕ್ಕೆ ಬರುವುದಿಲ್ಲವೆಂದು ಸಿಎಸ್ಆರ್ ನಿಯಮಗಳೇ ಹೇಳುತ್ತವೆ. ಕೇವಲ ತನ್ನ ನೌಕರರಿಗೆ ಅನುಕೂಲವಾಗುವ ಕೆಲಸವೂ ಲೆಕ್ಕಕ್ಕಿಲ್ಲ. ಸಿಎಸ್ಆರ್ ಹಣದಿಂದ ಕೊಂಡ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ. ಅದು ಸಿಎಸ್ಆರ್ ನೋಂದಣಿ ಸಂಖ್ಯೆಯುಳ್ಳ ಟ್ರಸ್ಟ್, ಸೊಸೈಟಿ ಮುಂತಾದ ಸಂಸ್ಥೆ, ಫಲಾನುಭವಿಗಳ ಸಂಘ ಅಥವಾ ಸಾರ್ವಜನಿಕ ಪ್ರಾಧಿಕಾರದ ಬಳಿ ಇರಬೇಕು. ಆದ್ದರಿಂದ ಕಂಪನಿಯ ಹಣವನ್ನು ನಿರೀಕ್ಷಿಸುವ ಶಾಲಾ ಟ್ರಸ್ಟುಗಳು ಮೊದಲು ಈ ನೋಂದಣಿ ಮಾಡಿಸಿಕೊಂಡಿರಬೇಕು.

ವೈಯಕ್ತಿಕ ದಾನಿಗಳು ಗಮನಿಸಬೇಕಾದ ಅಂಶವೂ ಒಂದಿದೆ. 80ಜಿ ಎಂದು ಎಲ್ಲರಿಗೂ ಪರಿಚಿತವಾಗಿರುವ ಆದಾಯ ತೆರಿಗೆ ರಿಯಾಯಿತಿ ಹಣದ ರೂಪದ ದಾನಕ್ಕೆ ಮಾತ್ರ ಸಿಗುತ್ತದೆ. ಸಿಲಿಂಡರನ್ನೋ ಕ್ಯಾಮೆರಾವನ್ನೋ ತಾವೇ ಕೊಂಡು ಶಾಲೆಗೆ ಒಪ್ಪಿಸಿದರೆ ಆ ರಿಯಾಯಿತಿ ಇಲ್ಲ. 2,000 ರೂ. ಮೀರಿದ ನಗದು ದಾನಕ್ಕೂ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ರಿಯಾಯಿತಿ ಬಯಸಿದರೆ ನೋಂದಾಯಿತ ಟ್ರಸ್ಟಿಗೆ ಚೆಕ್ ಅಥವಾ ಆನ್‌ಲೈನ್ ಮೂಲಕ ಹಣ ಕೊಟ್ಟು, ಉದ್ದೇಶವನ್ನು ಪತ್ರದಲ್ಲಿ ಬರೆದು ರಸೀದಿ ಪಡೆಯಬೇಕು.

ಬಸ್ಸಿನ ಹೊರಮೈ ಮೇಲೆ ಹೆಸರು ಬರೆಯುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಒಂದಂತೂ ನಿಶ್ಚಿತ: ಶಾಲೆಯ ಹೆಸರು, ದೂರವಾಣಿ ಸಂಖ್ಯೆ, ಪ್ರತಿಫಲಕ ಪಟ್ಟಿ, ದೀಪ, ತುರ್ತು ಬಾಗಿಲಿನ ಬರಹ ಇವುಗಳಲ್ಲಿ ಯಾವುದನ್ನೂ ದಾನಿಯ ಫಲಕ ಮರೆಮಾಡಬಾರದು. ಬಸ್ಸಿನ ಒಳಗೆ, ಚಾಲಕನ ಹಿಂಬದಿಯಲ್ಲಿ ಒಂದು ಚಿಕ್ಕ ಫಲಕ ಹಾಕಿದರೆ ಯಾವ ತೊಡಕೂ ಇರುವುದಿಲ್ಲ.

ಕೊಟ್ಟ ಮೇಲೆ ನೋಡಿಕೊಳ್ಳುವುದು

1988ರ ಮೇ 14ರ ರಾತ್ರಿ ಅಮೆರಿಕದ ಕೆಂಟಕಿ ರಾಜ್ಯದ ಕ್ಯಾರಲ್ಟನ್ ಬಳಿ, ಚರ್ಚ್ ಒಂದರ ಯುವಜನರು ಪ್ರವಾಸ ಮುಗಿಸಿ ಹಿಂದಿರುಗುತ್ತಿದ್ದ ಬಸ್ಸಿಗೆ ಎದುರು ದಿಕ್ಕಿನಲ್ಲಿ ಬಂದ ವಾಹನ ಡಿಕ್ಕಿ ಹೊಡೆಯಿತು. ಆ ವಾಹನದ ಚಾಲಕ ಕುಡಿದಿದ್ದ. ಬಸ್ಸು ಹಿಂದೆ ಶಾಲೆಯೊಂದರಲ್ಲಿ ಓಡಿದ್ದ ಹಳೆಯ ಬಸ್ಸು. ಇಂಧನದ ಟ್ಯಾಂಕ್ ತೂತಾಗಿ ಬೆಂಕಿ ಹತ್ತಿತು. ಮುಂದಿನ ಬಾಗಿಲಿನಿಂದ ಹೊರಬರುವಂತಿರಲಿಲ್ಲ. ಹಿಂದಿನ ತುರ್ತು ಬಾಗಿಲಿನ ದಾರಿ ಕಿರಿದಾಗಿತ್ತು, ಅಲ್ಲಿ ಪಾನೀಯ ತುಂಬಿದ ಪೆಟ್ಟಿಗೆಯೊಂದನ್ನೂ ಇಡಲಾಗಿತ್ತು. 27 ಜನ ಸತ್ತರು, ಅವರಲ್ಲಿ 24 ಮಂದಿ ಮಕ್ಕಳು ಮತ್ತು ಹದಿಹರೆಯದವರು. ಅವರ ಪ್ರಾಣ ತೆಗೆದದ್ದು ಡಿಕ್ಕಿಯಲ್ಲ, ಬೆಂಕಿ ಮತ್ತು ಹೊಗೆ.

ತುರ್ತು ಬಾಗಿಲು ಇತ್ತು, ಅದರ ದಾರಿ ತೆರೆದಿರಲಿಲ್ಲ. ಶಾಲಾ ಬಸ್ಸನ್ನು ರಜಾದಿನಗಳಲ್ಲಿ ಯಾತ್ರೆಗೂ ಕಾರ್ಯಕ್ರಮಗಳಿಗೂ ಕಳುಹಿಸುವ ಸಂಸ್ಥೆಗಳು ಈ ಘಟನೆಯನ್ನು ನೆನಪಿನಲ್ಲಿಡಬೇಕು. ಪಾತ್ರೆ, ಹಾಸಿಗೆ, ಊಟದ ಡಬ್ಬಿಗಳನ್ನು ಹಿಂದಿನ ಬಾಗಿಲಿಗೆ ಅಡ್ಡವಾಗಿ ಪೇರಿಸುವ ರೂಢಿ ಎಲ್ಲ ಕಡೆಯೂ ಇದೆ.

ಸಾಧನಗಳೂ ಹಾಗೆಯೇ. ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿರಬೇಕು, ಅವಧಿ ಮುಗಿಯುವ ಮುನ್ನ ಮರುಪೂರಣವಾಗಬೇಕು. ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ಔಷಧಿಗೆ ಅವಧಿ ಇದೆ. ಜಿಪಿಎಸ್ ಸಾಧನಕ್ಕೆ ಸಿಮ್ ಮತ್ತು ವಾರ್ಷಿಕ ಶುಲ್ಕವಿದೆ. ಕ್ಯಾಮೆರಾ ಇದ್ದರೆ ಅದರ ದೃಶ್ಯ ಯಾರ ಬಳಿ ಇರುತ್ತದೆ, ಎಷ್ಟು ದಿನ ಇರುತ್ತದೆ, ಯಾರು ನೋಡಬಹುದು ಎಂಬ ತೀರ್ಮಾನ ಬೇಕು. ಸಾಧನ ಕೊಟ್ಟ ವರ್ಷ ಎಲ್ಲವೂ ಸರಿಯಾಗಿರುತ್ತದೆ. ಕಷ್ಟ ಬರುವುದು ಮೂರನೆಯ ವರ್ಷದಲ್ಲಿ.

ದಾನಪತ್ರದಲ್ಲಿ ಇರಬೇಕಾದ ಅಂಶಗಳು

ದೊಡ್ಡ ಒಪ್ಪಂದವೇನೂ ಬೇಡ. ದಾನಿ ಮತ್ತು ಆಡಳಿತ ಮಂಡಳಿ ಒಂದು ಪುಟದ ಪತ್ರದಲ್ಲಿ ಈ ಅಂಶಗಳನ್ನು ಬರೆದುಕೊಂಡರೆ ಸಾಕು:

1. ಕೊಡುವ ಸಾಧನ ಯಾವುದು, ಎಷ್ಟು, ಯಾವ ಬಸ್ಸಿಗೆ. ಅದಕ್ಕೆ ಐಎಸ್ಐ ಅಥವಾ ಸಂಬಂಧಿಸಿದ ಮಾನ್ಯತೆ ಇದೆಯೇ.
2. ಅದು ಕಾನೂನಿನ ಪ್ರಕಾರ ಕಡ್ಡಾಯವಾದದ್ದೇ, ಹೆಚ್ಚುವರಿಯೇ. ಕಡ್ಡಾಯವಾದದ್ದಾದರೆ ಇದುವರೆಗೆ ಏಕೆ ಇರಲಿಲ್ಲ.
3. ಸ್ವೀಕರಿಸಿದ ಬಗ್ಗೆ ಮಂಡಳಿಯ ನಿರ್ಣಯ ಮತ್ತು ಸಂಸ್ಥೆಯ ಆಸ್ತಿ ಪುಸ್ತಕದಲ್ಲಿ ನಮೂದು.
4. ಅಳವಡಿಸುವವರು ಯಾರು, ಬಸ್ಸಿನ ರಚನೆಯಲ್ಲಿ ಬದಲಾವಣೆ ಬೇಕಾದರೆ ಯಾರ ಅನುಮತಿ ಪಡೆಯಲಾಗಿದೆ.
5. ನಿರ್ವಹಣೆಯ ಖರ್ಚು ಯಾರದು. ಒಟ್ಟು ಹಣದಲ್ಲಿ ಒಂದು ಭಾಗವನ್ನು ಮುಂದಿನ ಮೂರು ಅಥವಾ ಐದು ವರ್ಷಗಳ ನಿರ್ವಹಣೆಗೆ ಎತ್ತಿಡುವುದು ಉತ್ತಮ.
6. ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಸಾಧನಗಳ ತಪಾಸಣೆ ಮತ್ತು ಪೋಷಕರ ಸಭೆಯಲ್ಲಿ ಅದರ ವರದಿ.
7. ಫಲಕದ ಅಳತೆ, ಸ್ಥಳ ಮತ್ತು ಬರಹ.
8. ಬಸ್ಸು ಮಾರಿದಾಗ ಅಥವಾ ಗುಜರಿಗೆ ಹೋದಾಗ ಸಾಧನ ಏನಾಗುತ್ತದೆ.

ಎರಡನೆಯ ಅಂಶ ಕೆಲವರಿಗೆ ಮುಜುಗರ ತರಬಹುದು. ಆದರೂ ಕೇಳಬೇಕಾದ ಪ್ರಶ್ನೆ ಅದು. ಕಡ್ಡಾಯ ಸಾಧನವೇ ಇಲ್ಲದೆ ಬಸ್ಸು ಓಡುತ್ತಿದ್ದರೆ, ದಾನಿ ಮೊದಲು ಮಾಡಬೇಕಾದ ಉಪಕಾರ ಅದನ್ನು ಮಂಡಳಿಯ ಗಮನಕ್ಕೆ ತರುವುದು.

ಆರನೆಯ ಅಂಶವೂ ಮುಖ್ಯ. ಸುಪ್ರೀಂ ಕೋರ್ಟಿನ 1997ರ ನಿರ್ದೇಶನಗಳಲ್ಲಿ, ಸುರಕ್ಷತೆಯನ್ನು ಖಚಿತಪಡಿಸಿಕೊಳ್ಳಲು ಪೋಷಕರು ಅಥವಾ ಶಿಕ್ಷಕರು ಬಸ್ಸಿನಲ್ಲಿ ಪ್ರಯಾಣಿಸಬಹುದೆಂಬ ಅಂಶವೂ ಇದೆ. ದಾನ ಕೊಟ್ಟವರಾಗಲಿ, ಮಗುವನ್ನು ಆ ಬಸ್ಸಿನಲ್ಲಿ ಕಳುಹಿಸುವ ತಂದೆ ತಾಯಿಯಾಗಲಿ, ವರ್ಷಕ್ಕೆ ಒಂದೆರಡು ಬೆಳಿಗ್ಗೆ ಆ ಬಸ್ಸಿನಲ್ಲಿ ಶಾಲೆಯವರೆಗೆ ಹೋಗಿ ಬಂದರೆ ಸಾಕಷ್ಟು ವಿಷಯ ತಿಳಿಯುತ್ತದೆ. ಬೆಲ್ಟ್ ಇದ್ದರೆ ಮಕ್ಕಳು ಹಾಕಿಕೊಂಡಿದ್ದಾರೆಯೇ, ಸಹಾಯಕಿ ಮಗುವನ್ನು ಕೈಹಿಡಿದು ರಸ್ತೆ ದಾಟಿಸುತ್ತಾರೆಯೇ, ತುರ್ತು ಬಾಗಿಲಿನ ಹಿಡಿ ತಿರುಗುತ್ತದೆಯೇ ಎಂಬುದಕ್ಕೆ ಉತ್ತರ ಆ ಪ್ರಯಾಣದಲ್ಲಿ ಸಿಗುತ್ತದೆ. ಸಾಧನ ಕೊಡಿಸುವ ಶಕ್ತಿ ಇಲ್ಲದವರೂ ಈ ಕೆಲಸ ಮಾಡಬಹುದು.